ಗಾಳಿಯಂತ್ರದವರು ಹೊಲ ಕೇಳಿಕೊಂಡು ಬರುವ ಮೊದಲು: ಪುಣೆಯ ಒಂದು ತಿಳಿವಳಿಕೆ ಶಿಬಿರದ ವಿಮರ್ಶೆ

ಪುಣೆಯಲ್ಲಿ ನೆಲೆಸಿರುವ ಉತ್ತರ ಕರ್ನಾಟಕದ ಕುಟುಂಬಗಳಿಗಾಗಿ ಕನ್ನಡದಲ್ಲೇ ನಡೆಯುವ ಎರಡು ದಿನಗಳ ಪವನ ವಿದ್ಯುತ್ ತಿಳಿವಳಿಕೆ ಶಿಬಿರವೊಂದರಲ್ಲಿ ಈಚೆಗೆ ಭಾಗವಹಿಸಿದ್ದೆ. ಶನಿವಾರ ಪಿಂಪ್ರಿ-ಚಿಂಚವಡದ ಬಾಡಿಗೆ ಸಭಾಂಗಣವೊಂದರಲ್ಲಿ ಪಾಠ. ಭಾನುವಾರ ಸಾತಾರಾ ಜಿಲ್ಲೆಯ ಚಾಳಕೇವಾಡಿ ಪ್ರಸ್ಥಭೂಮಿಗೆ ಬಸ್ಸಿನಲ್ಲಿ ಪ್ರವಾಸ. ತಲೆಗೆ 1,500 ರೂಪಾಯಿ ಶುಲ್ಕ. ಊಟ, ಚಹಾ, ಬಸ್ಸು ಮತ್ತು ಒಂದು ಕೈಪಿಡಿ ಅದರಲ್ಲೇ ಸೇರಿವೆ. ಗಾಳಿಯಂತ್ರಗಳ ನಿರ್ವಹಣೆಯಲ್ಲಿ ದುಡಿದು ನಿವೃತ್ತರಾದ ಎಂಜಿನಿಯರೊಬ್ಬರು, ಜಮೀನು ವ್ಯವಹಾರಗಳನ್ನು ನೋಡಿಕೊಳ್ಳುವ ವಕೀಲೆಯೊಬ್ಬರು ಮತ್ತು ವ್ಯವಸ್ಥೆಯನ್ನೆಲ್ಲ ಹೊತ್ತ ಒಬ್ಬ ತರುಣ, ಈ ಮೂವರು ಇದನ್ನು ನಡೆಸುತ್ತಾರೆ.

ಇಂಥ ಶಿಬಿರ ಗದಗದಲ್ಲೋ ಕೊಪ್ಪಳದಲ್ಲೋ ನಡೆಯಬೇಕಲ್ಲವೇ, ಪುಣೆಯಲ್ಲೇಕೆ ಎಂಬ ಪ್ರಶ್ನೆ ಸಹಜವಾದದ್ದು. ಹಾಗೆ ನೋಡಿದರೆ ಗಾಳಿಯಂತ್ರದ ಉದ್ಯಮಕ್ಕೂ ಈ ನಗರಕ್ಕೂ ಹಳೆಯ ನಂಟಿದೆ. 1995ರಲ್ಲಿ ತುಳಸಿ ತಾಂತಿಯವರು ಸ್ಥಾಪಿಸಿದ ಸುಜ್ಲಾನ್ ಕಂಪನಿಯ ಪ್ರಧಾನ ಕಚೇರಿ ಇರುವುದು ಇಲ್ಲಿನ ಹಡಪ್ಸರದಲ್ಲಿ. ಆದರೆ ಶಿಬಿರಕ್ಕೆ ಬಂದವರ ಕಾರಣ ಬೇರೆ. ವಿಜಯಪುರ, ಬಾಗಲಕೋಟೆ, ಗದಗ, ಬೆಳಗಾವಿ ಕಡೆಯ ಸಾವಿರಾರು ಮಂದಿ ಇಲ್ಲಿ ಕಾರ್ಖಾನೆ, ಬ್ಯಾಂಕು, ಕಟ್ಟಡ ಕೆಲಸಗಳಲ್ಲಿದ್ದಾರೆ. ಸಂಬಳ ಇಲ್ಲಿ, ಪಹಣಿಯಲ್ಲಿ ಹೆಸರು ಅಲ್ಲಿ. ಊರಿಗೆ ಕಂಪನಿಯ ಏಜೆಂಟರು ಬಂದು ಹೊಲ ಕೇಳಿದಾಗ ಸಹಿಗಾಗಿ ಫೋನು ಬರುವುದು ಇಲ್ಲಿಗೆ. ಅದರಲ್ಲೂ ಮದುವೆಯಾಗಿ ಪುಣೆಗೆ ಬಂದ ಹೆಣ್ಣುಮಕ್ಕಳಿಗೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳೂ ಹುಟ್ಟಿನಿಂದಲೇ ಸಮಪಾಲುದಾರರು. ತಿದ್ದುಪಡಿ ಜಾರಿಗೆ ಬಂದಾಗ ತಂದೆ ಬದುಕಿರಲೇಬೇಕೆಂದೇನೂ ಇಲ್ಲವೆಂದು ಸುಪ್ರೀಂ ಕೋರ್ಟು 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ಹೀಗಾಗಿ ಅಕ್ಕತಂಗಿಯರ ಸಹಿಯಿಲ್ಲದ ಗುತ್ತಿಗೆ ಪತ್ರವನ್ನು ಯಾವ ಕಂಪನಿಯ ವಕೀಲರೂ ಒಪ್ಪುವುದಿಲ್ಲ. ನಾನು ಹೋದದ್ದೂ ಇದೇ ಕಾರಣಕ್ಕೆ. ಮುಂಡರಗಿ ತಾಲೂಕಿನಲ್ಲಿರುವ ನಮ್ಮ ಹೊಲದ ವಿಷಯವಾಗಿ ಅಣ್ಣ ಫೋನು ಮಾಡಿ, "ನೀ ಬಂದು ಒಂದ್ ಸಹಿ ಮಾಡಿ ಹೋಗವ್ವಾ, ಸಾಕು" ಎಂದಿದ್ದ. ಸಭಾಂಗಣದಲ್ಲಿ ಕುಳಿತವರಲ್ಲಿ ಅರ್ಧದಷ್ಟು ಹೆಂಗಸರಿದ್ದುದನ್ನು ಕಂಡಾಗ ಆ ಫೋನು ನನಗೊಬ್ಬಳಿಗೇ ಬಂದದ್ದಲ್ಲವೆಂದು ತಿಳಿಯಿತು.

ಶಿಬಿರದ ಅಗತ್ಯವನ್ನು ಎಂಜಿನಿಯರರು ಎರಡೇ ಮಾತಿನಲ್ಲಿ ಹೇಳಿ ಮುಗಿಸಿದರು. ಅದನ್ನು ಇನ್ನಷ್ಟು ವಿವರಿಸಬೇಕಿತ್ತು ಎಂಬುದು ನನ್ನ ಅನಿಸಿಕೆ, ಏಕೆಂದರೆ ವಿಷಯದ ತಿರುಳು ಅಲ್ಲಿಯೇ ಇದೆ. 2025ರ ಮಾರ್ಚ್ ಅಂತ್ಯಕ್ಕೆ ದೇಶದ ಪವನ ವಿದ್ಯುತ್ ಸಾಮರ್ಥ್ಯ 50 ಗಿಗಾವ್ಯಾಟ್, ಅಂದರೆ 50,000 ಮೆಗಾವ್ಯಾಟ್ ದಾಟಿತು. ಆ ಹಣಕಾಸು ವರ್ಷದಲ್ಲಿ ಅತಿ ಹೆಚ್ಚು ಹೊಸ ಯಂತ್ರಗಳನ್ನು ಸೇರಿಸಿದ್ದು ಕರ್ನಾಟಕ, ಸುಮಾರು 1,331 ಮೆಗಾವ್ಯಾಟ್. ಇಷ್ಟು ವೇಗವಾಗಿ ಬೆಳೆಯುತ್ತಿರುವ ಯೋಜನೆಗಳು ಪರಿಸರ ಇಲಾಖೆಯ ಪೂರ್ವಾನುಮತಿ ಬೇಕಾದ ಯೋಜನೆಗಳನ್ನು ಹೆಸರಿಸುವ 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ಪಟ್ಟಿಯಲ್ಲಿಲ್ಲ. ಅರಣ್ಯ ಭೂಮಿಗೆ ಪ್ರತ್ಯೇಕ ಅನುಮತಿ ಬೇಕೆಂಬುದು ನಿಜ. ಆದರೆ ಗಣಿಗೋ ದೊಡ್ಡ ಅಣೆಕಟ್ಟಿಗೋ ಇರುವಂತೆ ಊರಿನವರನ್ನು ಕೂಡಿಸಿ ಅಹವಾಲು ಕೇಳುವ ಕಡ್ಡಾಯ ಸಭೆ ಗಾಳಿಯಂತ್ರಕ್ಕಿಲ್ಲ. ಸರ್ವೆಯವರು ಹೊಲದಲ್ಲಿ ಕಲ್ಲು ನೆಟ್ಟ ಮೇಲೆ ಊರಿಗೆ ಸುದ್ದಿ ತಿಳಿಯುತ್ತದೆ. ಸರಕಾರವೇ ಹೇಳಬೇಕಾದದ್ದನ್ನು 1,500 ರೂಪಾಯಿ ಕೊಟ್ಟು ಕೇಳುವ ಸ್ಥಿತಿ ಇದರಿಂದ ಬಂದಿದೆ ಎಂಬ ಮಾತನ್ನು ಶಿಬಿರದವರು ಆಡಲಿಲ್ಲ, ನಾನು ಆಡುತ್ತೇನೆ.

ಮೊದಲ ದಿನದ ಬೆಳಗಿನ ಪಾಠ ಗಾಳಿ ಮತ್ತು ಯಂತ್ರದ ಕುರಿತಾದದ್ದು. ಶಾಲೆಯಲ್ಲಿ ವಿಜ್ಞಾನ ಬಿಟ್ಟವರಿಗೂ ತಲೆಗೆ ಹೋಗುವಂತೆ ಹೇಳಿದ್ದು ಇದರ ಹೆಚ್ಚುಗಾರಿಕೆ. ಗಾಳಿಯ ವೇಗ ಇಮ್ಮಡಿಯಾದರೆ ಸಿಗುವ ಶಕ್ತಿ ಇಮ್ಮಡಿಯಾಗದೆ ಎಂಟು ಪಟ್ಟಾಗುತ್ತದೆ. ಸೆಕೆಂಡಿಗೆ 6 ಮೀಟರ್ ಗಾಳಿ ಬೀಸುವ ಹೊಲಕ್ಕೂ 7 ಮೀಟರ್ ಬೀಸುವ ದಿಬ್ಬಕ್ಕೂ ಇರುವ ವ್ಯತ್ಯಾಸ ಹೆಚ್ಚುಕಡಿಮೆ 59 ಶೇಕಡ. ಪಕ್ಕದ ಸರ್ವೆ ನಂಬರಿನವರಿಗೆ ಕಂಪನಿ ದುಂಬಾಲು ಬಿದ್ದು ನಮ್ಮನ್ನು ಕೇಳದೆ ಹೋದದ್ದೇಕೆ ಎಂಬ ಊರ ಜಗಳಕ್ಕೆ ಉತ್ತರ ಈ ಲೆಕ್ಕದಲ್ಲಿದೆ. ಯಂತ್ರದ ರೆಕ್ಕೆಗಳು ಸುತ್ತುವ ವೃತ್ತದ ವ್ಯಾಸ 33 ಮೀಟರಿನಿಂದ 120 ಮೀಟರಿಗೆ ಏರಿದರೆ, ಗಾಳಿಯನ್ನು ಹಿಡಿಯುವ ಕ್ಷೇತ್ರ ಹದಿಮೂರು ಪಟ್ಟು ಹಿಗ್ಗುತ್ತದೆ. ಹೊಸ ಯಂತ್ರಗಳು ಇಷ್ಟು ದೈತ್ಯವಾಗಿರುವುದು ಇದಕ್ಕೇ. ಎಷ್ಟೇ ಒಳ್ಳೆಯ ಯಂತ್ರವಾದರೂ ಗಾಳಿಯಲ್ಲಿರುವ ಶಕ್ತಿಯಲ್ಲಿ 59.3 ಶೇಕಡಕ್ಕಿಂತ ಹೆಚ್ಚು ಹಿಂಡಲಾರದು ಎಂಬ ಬೆಟ್ಜ್ ಮಿತಿಯನ್ನು ಹೇಳುವಾಗ ಎಂಜಿನಿಯರರು ಕೊಟ್ಟ ಕಾರಣ ಸರಳವಾಗಿತ್ತು: ಗಾಳಿಯ ಶಕ್ತಿಯನ್ನೆಲ್ಲ ಕಸಿದುಕೊಂಡರೆ ಅದು ರೆಕ್ಕೆಯ ಹಿಂದೆ ನಿಂತುಬಿಡುತ್ತದೆ, ನಿಂತ ಗಾಳಿ ಹಿಂದಿನಿಂದ ಬರುವ ಗಾಳಿಗೆ ದಾರಿ ಬಿಡುವುದಿಲ್ಲ.

ಹಣದ ಲೆಕ್ಕಕ್ಕೆ ಅವರು ಬಳಸಿದ ಉದಾಹರಣೆಯೂ ಮೆಚ್ಚುವಂಥದ್ದೇ. 2 ಮೆಗಾವ್ಯಾಟಿನ ಯಂತ್ರ ವರ್ಷವಿಡೀ ಪೂರ್ಣ ಸಾಮರ್ಥ್ಯದಲ್ಲಿ ತಿರುಗಿದರೆ 1 ಕೋಟಿ 75 ಲಕ್ಷ ಯೂನಿಟ್ ಆಗಬೇಕು. ಆದರೆ ನಮ್ಮಲ್ಲಿ ಮುಂಗಾರಿನ ನಾಲ್ಕು ತಿಂಗಳಲ್ಲೇ ಬಹುಪಾಲು ಉತ್ಪಾದನೆ ನಡೆದು ಉಳಿದ ಕಾಲ ಯಂತ್ರ ತೂಕಡಿಸುವುದರಿಂದ, ವರ್ಷದ ಸರಾಸರಿ ಪೂರ್ಣ ಸಾಮರ್ಥ್ಯದ ಕಾಲು ಭಾಗದ ಆಸುಪಾಸಿನಲ್ಲಿರುತ್ತದೆ. 28 ಶೇಕಡ ಹಿಡಿದರೂ ಸುಮಾರು 49 ಲಕ್ಷ ಯೂನಿಟ್. 2017ರ ಫೆಬ್ರುವರಿಯಲ್ಲಿ ನಡೆದ ದೇಶದ ಮೊದಲ ಪವನ ವಿದ್ಯುತ್ ಹರಾಜಿನಲ್ಲಿ ಬಂದ 3 ರೂಪಾಯಿ 46 ಪೈಸೆಯ ದರವನ್ನೇ ಹಚ್ಚಿದರೆ ವರ್ಷಕ್ಕೆ 1 ಕೋಟಿ 70 ಲಕ್ಷ ರೂಪಾಯಿಯ ಹತ್ತಿರದ ವಹಿವಾಟು. ಅದರಲ್ಲಿ ಸಾಲದ ಕಂತು, ಬಡ್ಡಿ, ನಿರ್ವಹಣೆ, ವಿಮೆ ಕಳೆಯಬೇಕು. ಒಂದು ಫ್ಯಾನಿನಿಂದ ಕಂಪನಿಯವರು ದಿನಕ್ಕೆ ಲಕ್ಷಗಟ್ಟಲೆ ಬಾಚುತ್ತಾರೆ ಎಂದು ಕಟ್ಟೆಯ ಮೇಲೆ ಹೇಳುವವರಿಗೂ, ಇದರಲ್ಲಿ ನಮಗೆ ಲಾಭವೇ ಇಲ್ಲ ಎಂದು ಗೋಗರೆಯುವ ಏಜೆಂಟನಿಗೂ ಒಟ್ಟಿಗೆ ಉತ್ತರ ಕೊಡುವ ಲೆಕ್ಕವಿದು. ಚೌಕಾಶಿಗೆ ಕೂರುವವರ ಕೈಯಲ್ಲಿ ಈ ಹಾಳೆಯೊಂದಿದ್ದರೆ ಮಾತಿನ ಧಾಟಿಯೇ ಬದಲಾಗುತ್ತದೆ.

ಶಿಬಿರದ ಜೀವಾಳ ಮಧ್ಯಾಹ್ನದ ಕರಾರು ಓದುವ ತರಗತಿ. ವಕೀಲೆಯವರು ಹೆಸರು, ಊರು ಅಳಿಸಿದ ಒಂದು ಗುತ್ತಿಗೆ ಪತ್ರದ ಪ್ರತಿಯನ್ನು ಎಲ್ಲರಿಗೂ ಹಂಚಿ, ಸಾಲು ಸಾಲಾಗಿ ಓದಿಸುತ್ತಾರೆ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಗೆ 1908ರ ನೋಂದಣಿ ಕಾಯ್ದೆಯ 17ನೆಯ ಕಲಮಿನ ಪ್ರಕಾರ ನೋಂದಣಿ ಕಡ್ಡಾಯ. ಆದ್ದರಿಂದ ಬಾಂಡ್ ಪೇಪರಿನ ಮೇಲೆ ಬರೆಸಿ ನೋಟರಿಯ ಮುದ್ರೆ ಒತ್ತಿಸಿ 'ಈಗ ಮುಂಗಡ ತೊಗೊಳ್ರಿ, ಉಳಿದದ್ದು ಆಮೇಲೆ' ಎನ್ನುವ ವ್ಯವಹಾರವನ್ನು ಅಲ್ಲಿಗೇ ನಿಲ್ಲಿಸಬೇಕು. ಸರ್ವೆ ನಂಬರಿನ ಒಂದು ತುಂಡನ್ನಷ್ಟೇ ಪರಭಾರೆ ಮಾಡುವಾಗ ಕರ್ನಾಟಕದಲ್ಲಿ ಬೇಕಾಗುವ 11ಇ ನಕ್ಷೆ ಎಂದರೇನು, ಪಹಣಿಯಲ್ಲಿ ತೀರಿಕೊಂಡ ಅಜ್ಜನ ಹೆಸರೇ ಇನ್ನೂ ಇದ್ದರೆ ಮೊದಲು ವಾರಸಾ ಮಾಡಿಸುವುದು ಹೇಗೆ ಎಂಬಿತ್ಯಾದಿಗಳನ್ನು ಅವರು ತಾಲೂಕು ಕಚೇರಿಯ ಮೆಟ್ಟಿಲು ಸವೆಸಿದವರ ತಾಳ್ಮೆಯಿಂದ ವಿವರಿಸಿದರು. ಪರಿಶಿಷ್ಟರಿಗೆ ಸರಕಾರ ಮಂಜೂರು ಮಾಡಿದ ಜಮೀನಾಗಿದ್ದರೆ, ಅಂಥ ಜಮೀನಿನ ಪರಭಾರೆಯನ್ನು ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯಲ್ಲಿ ಮಾರಾಟದಂತೆ ಗುತ್ತಿಗೆಯೂ ಪರಭಾರೆಯೇ ಆಗಿರುವುದರಿಂದ ಸರಕಾರದ ಪೂರ್ವಾನುಮತಿಯಿಲ್ಲದೆ ಕೊಡುವಂತಿಲ್ಲ. ಈ ಮಾತು ಬಂದಾಗ ಹಿಂದಿನ ಸಾಲಿನಲ್ಲಿದ್ದ ಗಾರೆ ಕೆಲಸದ ಹಿರಿಯರೊಬ್ಬರು ಎದ್ದು ನಿಂತು, "ಅಕ್ಕಾರ, ಇನ್ನೊಮ್ಮೆ ಹೇಳ್ರಿ" ಎಂದು ಕೇಳಿ, ಮಗನ ಕೈಯಲ್ಲಿ ಬರೆಯಿಸಿಕೊಂಡರು.

ಕರಾರಿನಲ್ಲಿ ಇರುವುದಕ್ಕಿಂತ ಇಲ್ಲದಿರುವುದನ್ನು ಹುಡುಕಿ ತೋರಿಸಿದ್ದು ಇನ್ನೂ ಬೆಲೆಯುಳ್ಳದ್ದು. ನಮ್ಮ ಕೈಗೆ ಕೊಟ್ಟ ಮಾದರಿಯಲ್ಲಿ ಗುತ್ತಿಗೆಯ ಅವಧಿ ಮುಗಿದ ಮೇಲೆ ಯಂತ್ರವನ್ನು ಯಾರು ಇಳಿಸಬೇಕು, ನೆಲದೊಳಗೆ ಸುರಿದ ನೂರಾರು ಘನ ಮೀಟರ್ ಕಾಂಕ್ರೀಟನ್ನು ಎಷ್ಟು ಆಳದವರೆಗೆ ಒಡೆದು ತೆಗೆಯಬೇಕು ಎಂಬ ಸೊಲ್ಲೇ ಇರಲಿಲ್ಲ. ಕಂಪನಿ ತನ್ನ ಹಕ್ಕನ್ನು ಇನ್ನೊಬ್ಬರಿಗೆ ವರ್ಗಾಯಿಸಬಹುದು, ಬ್ಯಾಂಕಿಗೆ ಒತ್ತೆ ಇಡಬಹುದು ಎಂದು ಬರೆದುಕೊಂಡಿದ್ದವರು, ಹಾಗೆ ವರ್ಗಾಯಿಸಿದಾಗ ಹೊಲದವರಿಗೆ ತಿಳಿಸಬೇಕು ಎಂಬ ಒಂದು ಸಾಲನ್ನು ಸೇರಿಸಿರಲಿಲ್ಲ. ಬಾಡಿಗೆ ವರ್ಷಕ್ಕೆ ಇಂತಿಷ್ಟು ಏರಬೇಕು ಎಂಬುದಿತ್ತು, ತಡವಾದರೆ ಬಡ್ಡಿ ಎಂಬುದಿರಲಿಲ್ಲ. ಯಂತ್ರಕ್ಕೆ ಬೇಕಾದ ನೆಲ ಒಂದೆರಡು ಎಕರೆಯಾದರೂ, ಅರವತ್ತು ಮೀಟರಿಗೂ ಉದ್ದದ ರೆಕ್ಕೆಯನ್ನು ಹೊತ್ತ ಲಾರಿ ತಿರುಗಲು ಮಾಡುವ ದಾರಿ ಅಕ್ಕಪಕ್ಕದ ಎಷ್ಟು ಹೊಲಗಳ ಬದು ಒಡೆಯುತ್ತದೆ, ಮಳೆನೀರು ಹರಿಯುವ ದಿಕ್ಕು ಹೇಗೆ ತಪ್ಪುತ್ತದೆ ಎಂಬುದನ್ನು ಕರಾರು ಕೇಳುವುದೇ ಇಲ್ಲ. ಯಂತ್ರದಿಂದ ಉಪಕೇಂದ್ರಕ್ಕೆ, ಅಲ್ಲಿಂದ ಗ್ರಿಡ್ಡಿಗೆ ಎಳೆಯುವ ತಂತಿಯ ವಿಷಯ ಬೇರೆಯೇ: ದೊಡ್ಡ ಪ್ರಸರಣ ಮಾರ್ಗಗಳಿಗೆ ಕೇಂದ್ರ ಇಂಧನ ಸಚಿವಾಲಯ 2024ರ ಜೂನ್‌ನಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ ಗೋಪುರದ ಬುಡದ ನೆಲಕ್ಕೆ ಜಮೀನು ಬೆಲೆಯ 200 ಶೇಕಡ, ತಂತಿಯ ಕೆಳಗಿನ ಪಟ್ಟಿಗೆ ಗ್ರಾಮೀಣ ಭಾಗದಲ್ಲಿ 30 ಶೇಕಡ ಪರಿಹಾರವೆಂದಿದೆ. ರಾಜ್ಯಗಳು ಅದನ್ನು ಅಳವಡಿಸಿಕೊಳ್ಳಬೇಕಾಗುತ್ತದೆ ಎಂಬ ಷರಾವನ್ನೂ ವಕೀಲೆಯವರು ಮರೆಯದೆ ಹೇಳಿದರು.

ದೂರದ ನಿಯಮಗಳ ಪಟ್ಟಿ ಕೈಪಿಡಿಯಲ್ಲಿದೆ. ಕೇಂದ್ರ ಸರಕಾರದ 2016ರ ಮಾರ್ಗಸೂಚಿಯ ಪ್ರಕಾರ ಶಬ್ದದ ಕಾರಣದಿಂದ ವಾಸದ ಮನೆಗಳಿಂದ 500 ಮೀಟರ್ ಬಿಡಬೇಕು. ರಸ್ತೆ, ರೈಲುದಾರಿ, ಸಾರ್ವಜನಿಕ ಕಟ್ಟಡಗಳಿಂದ ಕಂಬದ ಎತ್ತರ, ರೆಕ್ಕೆವೃತ್ತದ ವ್ಯಾಸದ ಅರ್ಧ ಮತ್ತು ಐದು ಮೀಟರ್ ಕೂಡಿಸಿದಷ್ಟು ದೂರವಿರಬೇಕು. 120 ಮೀಟರಿನ ಕಂಬಕ್ಕೆ 120 ಮೀಟರಿನ ವೃತ್ತವಿದ್ದರೆ 185 ಮೀಟರ್. ಅಂದರೆ ಕಂಬ ಅಡ್ಡಬಿದ್ದರೂ ರೆಕ್ಕೆಯ ತುದಿ ರಸ್ತೆಗೆ ತಾಗದಷ್ಟು. ರಾತ್ರಿ ಹೊತ್ತು ವಸತಿ ಪ್ರದೇಶದಲ್ಲಿ ಶಬ್ದ 45 ಡೆಸಿಬೆಲ್ ಮೀರಬಾರದೆಂಬ 2000ದ ಶಬ್ದ ನಿಯಮವನ್ನೂ ಸೇರಿಸಿದ್ದಾರೆ. ಬೆಳಗ್ಗೆ ಸಂಜೆ ರೆಕ್ಕೆಯ ನೆರಳು ಕಿಟಕಿಯ ಮೇಲೆ ಮಿಟುಕುತ್ತಾ ಹಾಯುವ ಕಿರಿಕಿರಿಗೆ ಜರ್ಮನಿಯಲ್ಲಿ ವರ್ಷಕ್ಕೆ 30 ಗಂಟೆಯ ಮಿತಿಯಿದೆ ಎಂಬುದನ್ನು ಒಂದು ಚೌಕದಲ್ಲಿ ಅಚ್ಚು ಹಾಕಿದ್ದಾರೆ. ತೋಟದ ಮನೆಯಲ್ಲಿ ಒಂಟಿಯಾಗಿ ವಾಸವಿರುವವರು ಇದನ್ನು ಗಮನಿಸಬೇಕು.

ಭಾನುವಾರದ ಪ್ರವಾಸಕ್ಕೆ ಬಸ್ಸು ನಸುಕಿನಲ್ಲೇ ಹೊರಡುತ್ತದೆ. ಬೆಂಗಳೂರು ಹೆದ್ದಾರಿಯಲ್ಲಿ ಖಂಬಾಟಕಿ ಘಾಟು ದಾಟಿ, ಸಾತಾರಾದಿಂದ ಸಜ್ಜನಗಡದ ಬುಡವನ್ನು ಬಳಸಿ ಠೋಸೇಘರ್ ಮೇಲೆ ಹಾಯ್ದು ಹೋದರೆ ಜಂಬಿಟ್ಟಿಗೆಯ ಬೋಳು ಹಾಸಿನ ಮೇಲೆ ಸಾಲುಸಾಲು ಯಂತ್ರಗಳು. ಇಲ್ಲಿಂದ ಕೋಯ್ನಾ ಕಣಿವೆಯ ಮೇಲಿನ ವಾಂಕುಸವಡೆಯವರೆಗೆ ಹಬ್ಬಿದ ಈ ಯಂತ್ರಗಳಲ್ಲಿ ಬಹಳಷ್ಟು 1990ರ ದಶಕದ ಕೊನೆ ಮತ್ತು 2000ದ ದಶಕದಲ್ಲಿ ನೆಟ್ಟ 350 ಕಿಲೋವ್ಯಾಟಿನ ಸಣ್ಣ ಜಾತಿಯವು. ಆ ಕಾಲದಲ್ಲಿ ಮೊದಲ ವರ್ಷವೇ ಬಂಡವಾಳದ ದೊಡ್ಡ ಪಾಲನ್ನು ಸವಕಳಿಯೆಂದು ತೋರಿಸಿ ತೆರಿಗೆ ಉಳಿಸಬಹುದಾಗಿದ್ದರಿಂದ ಗಾಳಿಯ ಮೇಲಿನ ಪ್ರೀತಿಗಿಂತ ತೆರಿಗೆಯ ಲೆಕ್ಕಕ್ಕಾಗಿ ಹಣ ಹೂಡಿದವರೇ ಹೆಚ್ಚು ಎಂದು ಎಂಜಿನಿಯರರು ಮುಚ್ಚುಮರೆಯಿಲ್ಲದೆ ಹೇಳಿದರು. ನಿಂತುಹೋದ ಯಂತ್ರವೊಂದರ ಬುಡಕ್ಕೆ ಕರೆದೊಯ್ದು ತುಕ್ಕು ಹಿಡಿದ ಬಾಗಿಲು, ಕಂಬದ ಮೇಲಿನಿಂದ ಇಳಿದು ಒಣಗಿದ ಕಪ್ಪು ಎಣ್ಣೆಯ ಪಟ್ಟೆ, ಬುನಾದಿಯ ಅಂಚಿನಲ್ಲಿ ಬೀಳುತ್ತಿರುವ ಬಿರುಕು ಇವನ್ನೆಲ್ಲ ತೋರಿಸಿದರು. ಹಿಂದಿನ ದಿನ ಕರಾರಿನಲ್ಲಿ ಕಾಣದಿದ್ದ ಕಲಮು ಯಾವುದೆಂದು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ತಿರುಗುತ್ತಿದ್ದ ಇನ್ನೊಂದರ ಬುಡದಲ್ಲಿ ಅನುಮತಿ ಪಡೆದು ಬಾಗಿಲು ತೆರೆಸಿದಾಗ, ಒಳಗಿನ ಫಲಕದಲ್ಲಿ ಗಾಳಿ ಸೆಕೆಂಡಿಗೆ 6ರಿಂದ 8 ಮೀಟರಿಗೆ ಏರಿದ ಕೂಡಲೇ ಕಿಲೋವ್ಯಾಟಿನ ಅಂಕಿ ಎರಡು ಪಟ್ಟನ್ನೂ ಮೀರಿ ಜಿಗಿದದ್ದನ್ನು ಕಣ್ಣಾರೆ ಕಂಡೆವು. ದಿಕ್ಕು ಬದಲಿಸಲು ಮೇಲಿನ ಯಂತ್ರದ ಗೂಡು ಹೊರಳಿದಾಗ ಕೇಳುವ ಕಿರುಗುಟ್ಟುವಿಕೆ, ಪ್ರತಿ ರೆಕ್ಕೆ ಕಂಬದ ಮುಂದೆ ಹಾಯುವಾಗಿನ 'ಹುಶ್' ಸದ್ದು, ಅಲ್ಲಿಂದ ನಡೆಯುತ್ತಾ ದೂರ ಹೋದಂತೆ ಅದು ಗಾಳಿಯ ಸದ್ದಿನಲ್ಲಿ ಬೆರೆತುಹೋಗುವ ಜಾಗ, ಇಷ್ಟನ್ನು ಸ್ವಂತ ಕಿವಿಯಿಂದ ಕೇಳಿ ತಿಳಿದರೆ 45 ಡೆಸಿಬೆಲ್ ಎಂಬ ಅಂಕಿಗೆ ಅರ್ಥ ಬರುತ್ತದೆ.

ಗಾಳಿಯಂತ್ರ ಮೋಡಗಳನ್ನು ಓಡಿಸುತ್ತದೆ, ಅದರಿಂದ ಮಳೆ ಹೋಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇರುವಂತೆ ಸಾತಾರಾ, ಸಾಂಗ್ಲಿ ಭಾಗದಲ್ಲೂ 2000ದ ದಶಕದ ಬರಗಾಲದಲ್ಲಿ ಬಲವಾಗಿ ಹಬ್ಬಿತ್ತು. ಎಂಜಿನಿಯರರು ಇದನ್ನು ನಗೆಯಾಡಿ ತಳ್ಳಿಹಾಕಲಿಲ್ಲ. ಮುಂಗಾರು ಸಾವಿರಾರು ಕಿಲೋಮೀಟರ್ ಹರಹಿನ, ಹಲವು ಕಿಲೋಮೀಟರ್ ಎತ್ತರದ ವ್ಯವಸ್ಥೆ. ನೂರು ಮೀಟರಿನ ಕಂಬಗಳು ಅದನ್ನು ತಿರುಗಿಸಲಾರವು. ಆದರೆ ಯಂತ್ರಗಳು ಮೇಲಿನ ಮತ್ತು ಕೆಳಗಿನ ಗಾಳಿಯನ್ನು ಕಲಕುವುದರಿಂದ ರಾತ್ರಿ ನೆಲದ ಮಟ್ಟದ ಉಷ್ಣಾಂಶ ತುಸು ಏರುವುದು ಅಮೆರಿಕದ ಟೆಕ್ಸಾಸಿನಲ್ಲಿ ಉಪಗ್ರಹದ ಅಳತೆಗಳಿಂದ ಕಂಡುಬಂದಿದೆ ಎಂದೂ ಸೇರಿಸಿದರು. ಒಂದು ನಂಬಿಕೆ ತಪ್ಪೆಂದು ತೋರಿಸುವಾಗ ಅದರ ಪಕ್ಕದಲ್ಲೇ ಇರುವ ನಿಜವನ್ನೂ ಹೇಳುವ ಈ ಪ್ರಾಮಾಣಿಕತೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ.

ಆದರೆ ನಾವು ನಿಂತಿದ್ದ ಚಾಳಕೇವಾಡಿಯಲ್ಲೇ ನಡೆದ ಒಂದು ಅಧ್ಯಯನದ ಹೆಸರನ್ನೂ ಎತ್ತದಿದ್ದುದು ಸೋಜಿಗ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾರಿಯಾ ಥಾಕರ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಆ ಸಂಶೋಧನೆಯಂತೆ, ಯಂತ್ರಗಳಿರುವ ಜಾಗದಲ್ಲಿ ಹದ್ದು, ಗಿಡುಗದಂಥ ಬೇಟೆಯ ಹಕ್ಕಿಗಳು ಯಂತ್ರಗಳಿಲ್ಲದ ಜಾಗಕ್ಕಿಂತ ಸುಮಾರು ನಾಲ್ಕು ಪಟ್ಟು ಕಡಿಮೆ. ಅದರಿಂದಾಗಿ ಬೀಸಣಿಗೆಗತ್ತಿನ ಓತಿಕೇತಗಳ ಸಂಖ್ಯೆ ಅಲ್ಲಿ ಹೆಚ್ಚಿ, ಅವುಗಳ ನಡವಳಿಕೆಯೂ ಬದಲಾಗಿತ್ತು. ಗಾಳಿಯಂತ್ರವೆಂದರೆ ಹೊಗೆಯಿಲ್ಲ, ನೀರು ಬೇಡ ಎಂಬಲ್ಲಿಗೆ ನಿಲ್ಲುವ ಪಾಠಕ್ಕೆ ಇದು ಬೇಕಾದ ತಿದ್ದುಪಡಿ. 2019ರಲ್ಲಿ ವನ್ಯಜೀವಿ ಧಾಮವಾದ ಕಪ್ಪತಗುಡ್ಡದ ಸೆರಗಿನವರಾದ ನಮ್ಮಂಥವರಿಗಂತೂ ಹಕ್ಕಿ, ತೋಳ, ಓತಿಕೇತಗಳ ಲೆಕ್ಕ ಹೊರಗಿನದಲ್ಲ.

ನನ್ನ ಮುಖ್ಯ ತಕರಾರು ಇನ್ನೊಂದಿದೆ. ಈ ಶಿಬಿರ ಸಮುದಾಯ ಎಂಬ ಮಾತನ್ನು ಹೇರಳವಾಗಿ ಬಳಸುತ್ತದೆ, ಆದರೆ ಅದರ ಕಣ್ಣಿಗೆ ಬೀಳುವುದು ಪಹಣಿಯಲ್ಲಿ ಹೆಸರಿರುವವರು ಮಾತ್ರ. ಗೋಮಾಳ, ಗಾಯರಾಣದಲ್ಲಿ ಕುರಿ ಮೇಯಿಸುವವರು, ದಿಬ್ಬದ ಮೇಲೆ ರಸ್ತೆಯಾದಾಗ ಹಾದಿ ತಪ್ಪುವ ದನಗಾಹಿಗಳು, ಗುತ್ತಿಗೆ ಹೋದ ಹೊಲದಲ್ಲಿ ಕಳೆ ಕೀಳುವ ಕೂಲಿ ಕಳೆದುಕೊಳ್ಳುವ ಹೆಂಗಸರು, ಬಾಡಿಗೆಯೂ ಇಲ್ಲದೆ ಸದ್ದು, ನೆರಳು ಎರಡನ್ನೂ ಪಡೆಯುವ ಪಕ್ಕದ ಮನೆಯವರು ಇವರಾರೂ ಕೈಪಿಡಿಯ ಯಾವ ಪುಟದಲ್ಲೂ ಇಲ್ಲ. ಗ್ರಾಮಸಭೆಯಲ್ಲಿ ಯಾವ ಪ್ರಶ್ನೆ ಕೇಳಬೇಕು, ಪಂಚಾಯಿತಿ ಕಂಪನಿಯಿಂದ ಏನನ್ನು ಬರಹದಲ್ಲಿ ಪಡೆಯಬೇಕು ಎಂಬುದಕ್ಕೆ ಅರ್ಧ ಗಂಟೆಯೂ ಸಿಕ್ಕಲಿಲ್ಲ. ಬೀಡ್ ಜಿಲ್ಲೆಯ ಮಸ್ಸಾಜೋಗ್‌ನಲ್ಲಿ 2024ರ ಡಿಸೆಂಬರ್‌ನಲ್ಲಿ ಸರಪಂಚರ ಕೊಲೆಯಾಗಿ, ಪವನ ವಿದ್ಯುತ್ ಯೋಜನೆಯ ಕಂಪನಿಯಿಂದ ಹಣ ಸುಲಿಯುವ ಪ್ರಕರಣದೊಂದಿಗೆ ಅದು ತಳುಕು ಹಾಕಿಕೊಂಡದ್ದು ಮಹಾರಾಷ್ಟ್ರದಲ್ಲಿ ಮನೆಮಾತು. ಅದನ್ನು ಒಬ್ಬರು ಕೇಳಿದಾಗ 'ಅದು ರಾಜಕೀಯ' ಎಂಬ ಉತ್ತರ ಬಂತು. ಇಷ್ಟು ದುಡ್ಡು ಒಂದು ಊರಿಗೆ ಬರುವಾಗ ಯಾರು ನಡುವೆ ನಿಲ್ಲುತ್ತಾರೆ ಎಂಬುದೂ ತಿಳಿವಳಿಕೆಯ ಭಾಗವೇ.

ಶಿಬಿರಕ್ಕೆ ಯಾವುದಾದರೂ ಕಂಪನಿಯ ನೆರವಿದೆಯೇ ಎಂದು ನಾನು ಕೇಳಿದೆ. ಶುಲ್ಕದ ಜೊತೆಗೆ 'ಹಿತೈಷಿಗಳ ಸಹಾಯ' ಇದೆ ಎಂದರು, ಆ ಹಿತೈಷಿಗಳು ಯಾರೆಂದು ಹೇಳಲಿಲ್ಲ. ಕರಾರಿನ ತರಗತಿ ಕಂಪನಿಗಳಿಗೆ ಹಿತವಾಗುವಂತಿರಲಿಲ್ಲ ಎಂಬುದರಿಂದ ನನಗೆ ಗುಮಾನಿಯಿಲ್ಲ. ಆದರೂ ಕೈಪಿಡಿಯ ಕೊನೆಯ ಪುಟದಲ್ಲಿ ಹಣದ ಮೂಲವನ್ನು ಅಚ್ಚು ಹಾಕುವುದು ಅವರಿಗೇ ಒಳ್ಳೆಯದು.

ವ್ಯವಸ್ಥೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ಊಟ ಚೆನ್ನಾಗಿತ್ತು. ಪ್ರಸ್ಥಭೂಮಿಯ ಮೇಲೆ ಹೆಂಗಸರಿಗೆ ಶೌಚಾಲಯದ ಏರ್ಪಾಡು ಇರಲಿಲ್ಲ. ಅರ್ಧದಷ್ಟು ಹೆಂಗಸರೇ ಇರುವ ತಂಡವನ್ನು ಕರೆದೊಯ್ಯುವವರು ಇದನ್ನು ಮೊದಲೇ ನೋಡಿಕೊಳ್ಳಬೇಕಿತ್ತು. ಪರದೆಯ ಮೇಲಿನ ಬರಹವೆಲ್ಲ ಇಂಗ್ಲಿಷಿನಲ್ಲಿತ್ತು, ಮಾತು ಕನ್ನಡದಲ್ಲಿದ್ದುದರಿಂದ ಹೇಗೋ ಸಾಗಿತು.

ಹೋಗುವವರು ಊರಿನಿಂದ ಇತ್ತೀಚಿನ ಪಹಣಿ, ಸರ್ವೆ ನಕ್ಷೆ, ಹಳೆಯ ಪಾಲುಪತ್ರ ಮತ್ತು ಏಜೆಂಟರು ಕೊಟ್ಟ ಕಾಗದವೇನಾದರೂ ಇದ್ದರೆ ಅದರ ಪ್ರತಿಯನ್ನು ತರಿಸಿಕೊಂಡೇ ಹೋಗಬೇಕು; ಶನಿವಾರ ಸಂಜೆ ತರಗತಿ ಮುಗಿದ ಮೇಲೆ ವಕೀಲೆಯವರು ಒಬ್ಬೊಬ್ಬರ ಕಾಗದವನ್ನೂ ಬೇರೆ ಶುಲ್ಕವಿಲ್ಲದೆ ನೋಡಿಕೊಡುತ್ತಾರೆ, ಆದರೆ ಬಾಯಿಮಾತಿನಲ್ಲಿ ಹೇಳಿದ ವಿವರಕ್ಕೆ ಸಲಹೆ ಕೊಡುವುದಿಲ್ಲ. ಅಣ್ಣತಮ್ಮಂದಿರನ್ನೂ ಜೊತೆಗೆ ಕರೆದೊಯ್ಯುವುದು ಲೇಸು, ಇಬ್ಬರಿಗಿಂತ ಹೆಚ್ಚು ಪಾಲುದಾರರು ಒಟ್ಟಿಗೆ ಬಂದರೆ ಮೂರನೆಯವರಿಂದ ಅರ್ಧ ಶುಲ್ಕ ತೆಗೆದುಕೊಳ್ಳುತ್ತಾರೆ. ಮಳೆಗಾಲದ ತಂಡಗಳಲ್ಲಿ ಚಾಳಕೇವಾಡಿ ಮಂಜಿನಲ್ಲಿ ಮುಳುಗಿ ಯಂತ್ರದ ಸದ್ದು ಮಾತ್ರ ಕೇಳುತ್ತದಂತೆ. ಯಂತ್ರವನ್ನು ಕಣ್ಣಿನಿಂದ ನೋಡಬೇಕೆನ್ನುವವರು ದಸರೆಯ ನಂತರದ ತಂಡಕ್ಕೆ ಹೆಸರು ಬರೆಸಬಹುದು.